ಅಗ್ಬೇವೆಯ ಡೋಲು ಲೋಕದ ಕೋರ್ಟಿಗೆ ಹೋದದ್ದು

ನನ್ನ ಅಕ್ಕ ಅಕೋಸಿವಾ ತೀರಿಕೊಂಡದ್ದು ಗುರುವಾರ. ಊರಿಗೆ ಗೊತ್ತಾದದ್ದು ಶನಿವಾರ. ನಡುವಿನ ಶುಕ್ರವಾರ ಅವಳಿಗೆ ಸ್ವಲ್ಪ ಆಯಾಸವಿತ್ತು.

ನಮ್ಮ ಅಗ್ಬೇವೆಯಲ್ಲಿ ಹಿರಿಯರು ತಮ್ಮಷ್ಟಕ್ಕೆ ತಾವು ಸಾಯುವಂತಿಲ್ಲ. ಮನೆಯವರು ಒಂದು ಬಾಟಲಿ ಹಿಡಿದು ಊರ ಒಡೆಯರಾದ ತೊಗ್ಬೆ ಆಡ್ಜಿಮಾ ಅವರ ಅಂಗಳಕ್ಕೆ ಹೋಗಬೇಕು. ಅವರ ಮಾತುಗಾರ ಡೊಟ್ಸೆ ಸುದ್ದಿಯನ್ನು ಅವರಿಗೆ ಮುಟ್ಟಿಸಬೇಕು. ತೊಗ್ಬೆ "ಹಾಗೋ" ಎನ್ನಬೇಕು. ಆಮೇಲೆ ಸತ್ತವರು ಸತ್ತಂತೆ. ಅಲ್ಲಿಯವರೆಗೆ ಬೀದಿಯಲ್ಲಿ ಯಾರು ಕೇಳಿದರೂ "ಮಲಗಿದ್ದಾಳೆ" ಎನ್ನಬೇಕು. ಶುಕ್ರವಾರ ಸಂಜೆ ಚರ್ಚಿನಲ್ಲಿ ಸಭೆಯ ಹಿರಿಯನಾದ ನಾನೇ ಎದ್ದು ನಿಂತು ಅವಳ ಆಯಾಸ ಪರಿಹಾರಕ್ಕಾಗಿ ಪ್ರಾರ್ಥಿಸಿದೆ. ದೇವರಿಗೆ ಮೊದಲೇ ವಿಷಯ ತಿಳಿದಿದ್ದರಿಂದ ಅದು ಸುಳ್ಳಾಗಲಿಲ್ಲ.

ಶನಿವಾರ ಬೆಳಿಗ್ಗೆ ನಾನೂ ಅಕ್ಕನ ಒಬ್ಬನೇ ಮಗ ಸೆನ್ಯೋನೂ ಬಾಟಲಿಯೊಂದಿಗೆ ಹೋದೆವು. ತೊಗ್ಬೆ ಕೈಯಳತೆಯಲ್ಲೇ ಕೂತಿದ್ದರು. ಆದರೂ ಅವರೊಡನೆ ಯಾರೂ ನೇರ ಮಾತಾಡುವಂತಿಲ್ಲ. ಡೊಟ್ಸೆಗೆ ಹೇಳಬೇಕು, ಡೊಟ್ಸೆ ಅವರಿಗೆ ಹೇಳುತ್ತಾನೆ. ಸೆನ್ಯೋ ವಕೀಲ. ನಿಯಮಗಳನ್ನು ಓದಿ ಪಾಸಾದವನು. ಅವನೇ ಮರೆತ.

"ತೊಗ್ಬೆ, ಅಮ್ಮ ಹೋಗ್ಬಿಟ್ಟಳು!" ಎಂದು ಗೊಳೋ ಎಂದು ಅತ್ತ.

ಡೊಟ್ಸೆ ತನ್ನ ಕೋಲನ್ನು ನೆಲಕ್ಕೆ ಕುಟ್ಟಿದ. "ನಾನೇನು ಇಲ್ಲಿ ಕಂಬಾನಾ? ನನ್ ಕಡೆ ತಿರುಗಿ ಹೇಳೋ. ಅಳೋದೂ ಈ ಕಡೆಗೇ ಅಳು."

ಸೆನ್ಯೋ ತಿರುಗಿ ಇನ್ನೊಂದು ಸಲ ಮೊದಲಿನಿಂದ ಅತ್ತ. ಡೊಟ್ಸೆ ಅದನ್ನು ತಕ್ಕ ಗಾಂಭೀರ್ಯದಿಂದ ತೊಗ್ಬೆಯವರಿಗೆ ತಲುಪಿಸಿದ. ತೊಗ್ಬೆ "ಹಾಗೋ" ಎಂದರು. ನನ್ನ ಅಕ್ಕ ಸತ್ತಳು.

ಆಮೇಲೆ ತೊಗ್ಬೆ ಡೊಟ್ಸೆಯ ಕಿವಿಯಲ್ಲಿ ಏನೋ ಅಂದರು.

"ತೊಗ್ಬೆ ಕೇಳ್ತಾ ಇದ್ದಾರೆ, ಡೋಲಿಲ್ಲದೆ ಅಕೋಸಿವಾನ ಹೆಂಗೆ ಮಣ್ಣು ಮಾಡ್ತೀರಿ ಅಂತ."

ಅದೇ ನಮ್ಮ ಎದೆಯ ಮೇಲಿನ ಕಲ್ಲು. ಮದುವೆಯಾಗುವ ಮೊದಲಿನಿಂದ ಅಕ್ಕ ಊರ ಡೋಲಿನ ಪಕ್ಕ ನಿಂತು ಹಾಡು ಎತ್ತಿಕೊಡುತ್ತಿದ್ದವಳು. ಈ ದಂಡೆಯಲ್ಲಾಗಲಿ ಆಚೆ ದಂಡೆಯಲ್ಲಾಗಲಿ ಅವಳ ದನಿ, ಆ ಡೋಲಿನ ಸದ್ದು ಇಲ್ಲದೆ ಯಾರೂ ಮಣ್ಣಿಗೆ ಹೋದದ್ದಿಲ್ಲ. "ನನ್ನ ದನಿ ನನ್ನ ಜೊತೆ ಹೋಗುತ್ತೆ. ನೀವು ಡೋಲನ್ನಾದ್ರೂ ನಿಲ್ಲಿಸ್ಬೇಡಿ" ಎಂದು ಅವಳು ಮಗನ ಕೈ ಹಿಡಿದು ಮಾತು ತೆಗೆದುಕೊಂಡಿದ್ದಳು. ಆ ಡೋಲು ಈಗ ಹಳ್ಳದ ಆಚೆ ದಂಡೆಯಲ್ಲಿತ್ತು. ಅಂದರೆ ಪರದೇಶದಲ್ಲಿತ್ತು.

ಹಳ್ಳ ಬಟ್ಟೆ ಎತ್ತಿ ಕಟ್ಟಿ ದಾಟುವಷ್ಟೇ ಆಳ. ಆದರೆ ಬಿಳಿಯರು ಗೆರೆ ಎಳೆದದ್ದು ಅದರ ನಡುವೆ. ಈಚೆಯ ಅಗ್ಬೇವೆ ಘಾನಾಗೆ ಬಂತು. ನಮ್ಮ ಮಕ್ಕಳು ಇಂಗ್ಲಿಷ್ ಕಲಿತರು. ಆಚೆಯ ಕೋಲೆನು ಟೋಗೋಗೆ ಹೋಯಿತು. ಅವರ ಮಕ್ಕಳು ಫ್ರೆಂಚ್ ಕಲಿತರು. ಮನೆಯೊಳಗೆ ಇಬ್ಬರದೂ ಎವೆ ಮಾತು, ಇಬ್ಬರದೂ ಅದೇ ಅಕ್ಪ್ಲೆ ಮುದ್ದೆ, ಅದೇ ಬೆಂಡೆಕಾಯಿ ಸಾರು.

ಕೋಲೆನುವಿನ ಮುದುಕಿ ಅಬ್ಲಾವಿ ತೀರಿಕೊಂಡಾಗ ನಮ್ಮ ಡೋಲನ್ನು ಎರವಲು ಒಯ್ದಿದ್ದರು. ಮರಳಿ ಹೊತ್ತು ತರುವಾಗ ಗಡಿ ಠಾಣೆಗೆ ಹೊಸದಾಗಿ ಬಂದಿದ್ದ ಅಧಿಕಾರಿ ತಡೆದ. ಅವನು ದೂರದ ಉತ್ತರದವನು, ಎವೆ ಬಾರದವನು. ಡೋಲು ಠಾಣೆಯೊಳಗೆ ಹೋಯಿತು, ಹೊರಗೆ ಬರಲಿಲ್ಲ.

ಹೋಗಿ ಕೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ನಮ್ಮ ಎರಡೂ ಊರುಗಳಲ್ಲಿ, ಸಾವಿಗೆ ಎರವಲು ಕೊಟ್ಟ ಡೋಲನ್ನು ಕೊಟ್ಟವನು ಮರಳಿ ಕೇಳುವಂತಿಲ್ಲ. ಕೇಳಿದರೆ ಪಡೆದವನನ್ನು ಕಳ್ಳ ಎಂದಂತೆ. ಪಡೆದವನೂ ಅದನ್ನು ಮರಳಿಸುವ ತನಕ ಕೊಟ್ಟವನಿಗೆ ಮುಖ ತೋರಿಸುವಂತಿಲ್ಲ. ಅದು ಯಾರದ್ದೆಂದು ಬಾಯಿ ಬಿಡುವಂತೆಯೂ ಇಲ್ಲ, ಬಿಟ್ಟರೆ ಸತ್ತವರು ಹೆಸರು ಕೇಳಿಕೊಂಡು ಆ ಮನೆಗೆ ನಡೆದು ಬರುತ್ತಾರೆ. ಹೀಗಾಗಿ ಕೋಲೆನುವಿನವರು ನಮ್ಮ ಸಂತೆಗೆ ಬರುವುದನ್ನು ಬಿಟ್ಟಿದ್ದರು. ನಾವು ಆ ದಿಕ್ಕಿಗೆ ನೋಡುವುದನ್ನು ಬಿಟ್ಟಿದ್ದೆವು. ನನ್ನ ಅಕ್ಕ ಜಿಲ್ಲಾ ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿ ಕಾಯುತ್ತ ಮಲಗಿದ್ದಳು.

"ಮಗ ಲಾಯರ್ ಅಂತೆ!" ಎಂದ ಡೊಟ್ಸೆ. ಇದು ತೊಗ್ಬೆಯವರ ಮಾತಲ್ಲ, ಅವನ ಸ್ವಂತದ್ದು. "ಮೇಕೆ ಬೇಲಿ ಹಾರಿದ್ರೆ ಕೋರ್ಟಿಗೆ ಹೋಗ್ತೀಯ. ಅಮ್ಮನ ಡೋಲಿಗೆ ಏನಪ್ಪಾ ಮಾಡ್ತೀಯ?"

ಸೆನ್ಯೋನ ಬಗ್ಗೆ ಒಂದು ಮಾತು ಹೇಳಬೇಕು. ಅವನು ಒಳ್ಳೆಯವನು. ಕರಿ ನಿಲುವಂಗಿ ತೊಟ್ಟ ಮೇಲೆ ಅವನು ಗೆದ್ದದ್ದು ಒಂದೇ ಮೊಕದ್ದಮೆ. ಅಂದು ಎದುರು ಕಕ್ಷಿಯವರ ಬಸ್ಸು ಕೆಟ್ಟಿತ್ತು. ಮನೆ ನಡೆಯುತ್ತಿದ್ದದ್ದು ಅವನ ಹೆಂಡತಿ ಕಾಫುಯಿಯ ಹಿಟ್ಟಿನ ಗಿರಣಿಯಿಂದ. ಈಚೆಗೆ ಆಫ್ರಿಕಾದ ವಕೀಲರಿಗೂ ಕಾನೂನು ವಿದ್ಯಾರ್ಥಿಗಳಿಗೂ ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿನಲ್ಲಿ ಅಂತರರಾಷ್ಟ್ರೀಯ ಕಾನೂನಿನ ತರಬೇತಿಯನ್ನು ಪುಕ್ಕಟೆ ಕೊಡುತ್ತಿದ್ದರು. ಸೆನ್ಯೋ ಸೇರಿದ. ಮೊದಲ ಪಾಠ ಮುಗಿದ ಮಧ್ಯಾಹ್ನವೇ ಬಣ್ಣ ತಂದು ಗಿರಣಿಯ ಗೋಡೆಯಲ್ಲಿ ಹೆಂಡತಿಯ ಫಲಕದ ಕೆಳಗೆ ತನ್ನದನ್ನೂ ಬರೆದ. ಎರಡೂ ಸೇರಿ ಹೀಗೆ ಓದಿಸಿಕೊಳ್ಳುತ್ತಿತ್ತು: "ಮೆಕ್ಕೆಜೋಳ, ಮರಗೆಣಸು ಬೀಸಿಕೊಡಲಾಗುವುದು. ಅಂತರರಾಷ್ಟ್ರೀಯ ಕಾನೂನು." ಹೆಂಗಸರು ಬೋಗುಣಿ ಇಳಿಸಿ, ಕೊನೆಯದ್ದಕ್ಕೆ ಒಂದು ಡಬ್ಬಕ್ಕೆ ಎಷ್ಟು ಎಂದು ಕೇಳುತ್ತಿದ್ದರು.

ಇಂಥವನಿಗೆ ಡೊಟ್ಸೆ ಚುಚ್ಚಿದ್ದ. ಸೆನ್ಯೋ ಕಣ್ಣೊರೆಸಿಕೊಂಡು ಎದ್ದು ನಿಂತ.

"ತೊಗ್ಬೆಗೆ ಹೇಳಿ. ಈ ವಿಷಯಾನ ನಾನು ಅಂತರರಾಷ್ಟ್ರೀಯ ನ್ಯಾಯಪೀಠದ ಮುಂದೆ ಇಡ್ತೀನಿ. ನಂಗೆ ಅಲ್ಲಿ ಮಾತಾಡೋ ಅವಕಾಶ ಇದೆ."

ತೊಗ್ಬೆಯವರ ಹುಬ್ಬು ಮೇಲೇರಿತು. ಬಾಟಲಿ ತೆರೆಯಿತು.

ಮಧ್ಯಾಹ್ನಕ್ಕೆ ನಲ್ಲಿಯ ಹತ್ತಿರ ಸುದ್ದಿ ಏನೆಂದರೆ, ಲೋಕದ ಕೋರ್ಟು ಸೆನ್ಯೋನನ್ನು ಕರೆಸಿದೆ. ಹೆಂಡದ ಚಪ್ಪರ ಮುಟ್ಟುವಾಗ, ನ್ಯಾಯಾಧೀಶರೇ ವಿಮಾನದಲ್ಲಿ ಬರುತ್ತಿದ್ದಾರೆ. ಸಂಜೆಗೆ ಶಾಲೆಯ ಹೆಡ್‌ಮಾಸ್ತರರು ವಿಮಾನ ಇಳಿಯಲಿಕ್ಕೆಂದು ಆಟದ ಬಯಲಿನ ಗೋಲು ಕಂಬಗಳನ್ನು ಕೀಳಿಸಿದ್ದರು.

ಕಾಫುಯಿ ಗಂಡನನ್ನು ಗಿರಣಿಯೊಳಗೆ ನಿಲ್ಲಿಸಿಕೊಂಡಳು. ಗಿರಣಿ ಓಡುತ್ತಿದ್ದುದರಿಂದ ಇಬ್ಬರೂ ಗುಟ್ಟನ್ನು ಕೂಗಿಯೇ ಹೇಳಬೇಕಾಯಿತು.

"ಏನ್ರೀ, ಅದು ಪುಕ್ಕಟೆ ಪಾಠ ಅಲ್ವಾ?"

"ಪಾಠದಲ್ಲೇ ಅಣಕು ಕೋರ್ಟು ಇದೆ ಕಣೇ! ಅಭ್ಯಾಸಕ್ಕೆ. ನಮ್ಮ ಡೋಲಿನ ವಿಷಯಾನೇ ಕೊಟ್ಟಿದೀನಿ, ಪಾಠ ಹೇಳೋ ಮೇಡಂ ಒಪ್ಪಿದಾರೆ."

"ಅಣಕು ಅಂತ ತೊಗ್ಬೆಗೆ ಹೇಳಿದ್ರಾ?"

"ಹೇಳೋ ಮೊದ್ಲೇ ಬಾಟಲಿ ಮುಗಿದಿತ್ತು."

"ಅಯ್ಯೋ ದೇವರೇ! ಅತ್ತೆ ಆಸ್ಪತ್ರೇಲಿ ಮಂಜುಗಡ್ಡೆ ಆಗ್ತಾ ಇದ್ದಾರೆ, ಇವ್ರು ಇಲ್ಲಿ ಅಣಕು ಆಡ್ತಾರೆ!"

"ವಾದ ಗಟ್ಟಿಯಾದ್ರೆ ಅದನ್ನೇ ತಗೊಂಡು ನಿಜವಾದ ಕಚೇರಿಗೆ ಹೋಗ್ತೀನಿ. ಅಮ್ಮನ ಆಣೆ."

ನಾನು ಹಿಟ್ಟಿಗೆ ಹೋದವನು ಬಾಗಿಲಲ್ಲೇ ನಿಂತಿದ್ದೆ. ಮಗ ತಾಯಿಯ ಆಣೆ ಇಟ್ಟ ಮೇಲೆ ಸೋದರಮಾವ ಅಡ್ಡ ಬರುವುದು ತರವಲ್ಲ. ಹಿಟ್ಟು ಬೀಸಿಸಿಕೊಂಡು ಬಂದೆ.

ಊರಿನಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ದಿಬ್ಬದ ಮೇಲಿರುವ ನನ್ನ ಮನೆಯ ಜಗಲಿಯಲ್ಲಿ, ಅದೂ ನೀರಿನ ಹೂಜಿ ಇಡುವ ಮೂಲೆಯಲ್ಲಿ. ಆದ್ದರಿಂದ ಲೋಕದ ಕೋರ್ಟು ನನ್ನ ಹೂಜಿಯ ಜಾಗದಲ್ಲಿ ಕೂತಿತು. ಪಾಠದ ದಿನ ಇಡೀ ಊರು ಹಬ್ಬದ ಕೇಟೆ ಬಟ್ಟೆ ಹೊದ್ದು ಬಂತು. ತೊಗ್ಬೆ ದೊಡ್ಡ ಕೊಡೆಯ ಕೆಳಗೆ ಬಂದು ಕೂತರು. ಡೊಟ್ಸೆ ಲ್ಯಾಪ್‌ಟಾಪಿನ ಮುಂದೆ ಹಿರಿಯರ ಹೆಸರೆತ್ತಿ ನೆಲಕ್ಕೆ ಮದ್ಯ ಎರೆದ. ಸ್ವಲ್ಪ ವೈರಿನ ಮೇಲೂ ಬಿತ್ತು. ಚರ್ಚಿನ ಹಿರಿಯನಾದ ನಾನು ಆ ಹೊತ್ತು ಮಾಡಿನ ಜಂತಿಗಳನ್ನು ನೋಡುತ್ತಿದ್ದು, ಅವನದು ಮುಗಿದ ಮೇಲೆ ಕರ್ತನ ಪ್ರಾರ್ಥನೆ ಹೇಳಿದೆ. ಹೀಗೆ ಎರಡೂ ಕಡೆಯಿಂದ ರಕ್ಷಣೆ ಮಾಡಿಕೊಂಡು ಸೆನ್ಯೋ ಗುಂಡಿ ಒತ್ತಿದ.

ಪರದೆಯ ಮೇಲೆ ಚಿಲೆಶೆ ಮೇಡಂ ಬಂದರು. ಜಾಂಬಿಯಾದವರು, ನಿವೃತ್ತ ನ್ಯಾಯಾಧೀಶೆ, ತಲೆಯಲ್ಲಿ ಒಂದು ಕೂದಲೂ ಕಪ್ಪಿಲ್ಲ. ಅವರ ಸುತ್ತ ಆಫ್ರಿಕಾದ ನಾನಾ ಊರುಗಳ ಮುಖಗಳು ಪುಟ್ಟ ಪುಟ್ಟ ಕಿಟಕಿಗಳಲ್ಲಿ ಇಣುಕುತ್ತಿದ್ದವು.

"ಇಷ್ಟೊಂದು ಜನ ನ್ಯಾಯಾಧೀಶರು!" ಎಂದಳು ಕಡಲೆಕಾಯಿ ಮಾರುವ ಮುದುಕಿ. "ಎಲ್ರೂ ಪಾಪ, ಎಷ್ಟು ಚಿಕ್ಕ ಮನೇಲಿದ್ದಾರೆ!"

ಮೇಡಂ ನಿಯಮ ಹೇಳಿದರು. ಅಭ್ಯಾಸದಲ್ಲಿ ನಿಜವಾದ ಹೆಸರುಗಳಿಲ್ಲ. ವಸ್ತು ಕೊಟ್ಟದ್ದು "ಕ" ದೇಶ, ಇಟ್ಟುಕೊಂಡದ್ದು "ಖ" ದೇಶ. ಡೋಲಿಗೆ "ಸಾಂಸ್ಕೃತಿಕ ಮಹತ್ವದ ಚಲಿಸಬಲ್ಲ ವಸ್ತು" ಎಂದು ಹೆಸರು. ಇಂಗ್ಲಿಷ್ ಬಲ್ಲ ಡೊಟ್ಸೆ ಇದನ್ನು ತೊಗ್ಬೆಯವರಿಗೆ ಹೇಳಿದ.

"ಚಲಿಸಬಲ್ಲದಂತಾ?" ಎಂದರಂತೆ ತೊಗ್ಬೆ. "ಚಲಿಸೋ ಹಾಗಿದ್ದಿದ್ರೆ ತಾನೇ ಮನೆಗೆ ಬರ್ತಿತ್ತಲ್ಲ!"

"ಖ" ದೇಶದ ಪರವಾಗಿ ವಾದಿಸಲು ಟೋಗೋದ ಒಬ್ಬ ವಕೀಲನನ್ನು ಮೇಡಂ ಗೊತ್ತುಮಾಡಿದ್ದರು. ಹೆಸರು ಕೊಮ್ಲಾನ್. ದಪ್ಪ ಕನ್ನಡಕ, ಕರಿ ನಿಲುವಂಗಿ, ಬೆನ್ನ ಹಿಂದೆ ನೇತುಹಾಕಿದ ಬಾಳೆಗೊನೆ. ಅವನು ಫ್ರೆಂಚಿನಲ್ಲಿ ಮಾತಾಡಿದರೆ ಎಲ್ಲಿಂದಲೋ ಒಬ್ಬ ಅದನ್ನು ಇಂಗ್ಲಿಷ್ ಮಾಡಿ ಹೇಳುತ್ತಿದ್ದ. ಇದನ್ನು ಕಂಡು ಡೊಟ್ಸೆಯ ಎದೆ ಉಬ್ಬಿತು.

"ನೋಡಿದ್ರಾ! ಅಲ್ಲೂ ಮಾತುಗಾರ ಇದ್ದಾನೆ. ದೊಡ್ಡ ಮನೆತನ ಅದು. ಬಾಯಿಗೆ ಬಂದಂಗೆ ನೇರ ಮಾತಾಡಲ್ಲ."

ಕೊಮ್ಲಾನ್ ವಾದದಲ್ಲಿ ಗಟ್ಟಿಗ. "ಮಾನ್ಯ ನ್ಯಾಯಾಧೀಶರೇ, ಈ ವಸ್ತು ತನ್ನದೆಂದು ಯಾರೂ ಹೇಳಿಲ್ಲ. ಗಡಿಯಲ್ಲಿ ಹೆಸರಿಲ್ಲದ ವಸ್ತು ಸಿಕ್ಕಿದರೆ ಕಾಪಾಡುವುದು 'ಖ' ದೇಶದ ಧರ್ಮ" ಎಂದ. ಆ ಮಾತು ಫ್ರೆಂಚಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಡೊಟ್ಸೆಯ ಬಾಯಿಗೆ, ಅಲ್ಲಿಂದ ಎವೆಗೆ ಬಂದು ಜಗಲಿಗೆ ಇಳಿಯುವಷ್ಟರಲ್ಲಿ ಇನ್ನಷ್ಟು ಖಾರವಾಗಿತ್ತು.

"ಥೂ, ಎಂಥ ಬಾಯಿ ಇವಂದು!" ಎಂದರು ಹೆಂಗಸರು. "ಯಾವ ತಾಯಿ ಹೆತ್ತಳೋ!"

ಸೆನ್ಯೋ ಎದ್ದ. ಎದ್ದರೆ ಪರದೆಯಲ್ಲಿ ಹೊಟ್ಟೆ ಮಾತ್ರ ಕಾಣುತ್ತದೆಂದು ಕಾಫುಯಿ ಜಗ್ಗಿ ಕೂರಿಸಿದಳು. ಅವನು ಬಾಯಿ ತೆರೆಯುವ ಹೊತ್ತಿಗೆ ಚರ್ಚಿನ ಗಂಟೆ ಬಾರಿಸಿತು. ನಮ್ಮ ಜಗಲಿಯಲ್ಲಿ ಬಾರಿಸಿದ್ದು ಸರಿಯೇ. ಕೊಮ್ಲಾನನ ಕಿಟಕಿಯಿಂದಲೂ ಬಾರಿಸಿತು.

"ಘಾನಾ, ನಿಮ್ಮ ಮೈಕಿನಲ್ಲಿ ಪ್ರತಿಧ್ವನಿ ಇದೆ" ಎಂದರು ಮೇಡಂ.

"ನಮ್ಮದಲ್ಲ ಮೇಡಂ! ಎದುರು ಪಕ್ಷದವರು ನಮ್ಮ ಗಂಟೆಯನ್ನು ಅಣಕಿಸ್ತಿದಾರೆ. ನನ್ನ ಆಕ್ಷೇಪ ಇದೆ!"

ಕೊಮ್ಲಾನ್ ಕೆಂಡವಾದ. ತಾನು ಕುಲೀನ ವಕೀಲನೆಂದೂ, ಗಂಟೆ ಅಣಕಿಸುವ ಅಭ್ಯಾಸ ತನ್ನ ವಂಶದಲ್ಲೇ ಇಲ್ಲವೆಂದೂ, ನಿಜವಾಗಿ ಅಣಕಿಸುತ್ತಿರುವುದು ಘಾನಾ ಎಂದೂ ಪ್ರತ್ಯಾಕ್ಷೇಪ ಹೂಡಿದ.

ಮುಂದಿನ ಪಾಠಕ್ಕೆ ಜಗಲಿ ಸಾಲದೆ ಜನ ಮಾವಿನ ಮರ ಹತ್ತಿದರು. ಜಿಲ್ಲಾ ಕಚೇರಿಯಿಂದ ಅಧಿಕಾರಿಯೊಬ್ಬ ಮೋಟಾರು ಬೈಕಿನಲ್ಲಿ ಬಂದ.

"ನಮ್ಮ ಜಿಲ್ಲೆಯಲ್ಲಿ ಅಂತರರಾಷ್ಟ್ರೀಯ ಕೋರ್ಟು ನಡೀತಿದೆಯಂತೆ. ಅನುಮತಿ ಯಾರು ಕೊಟ್ಟಿದ್ದು?"

"ಹೂಜಿ ನಮ್ಮ ಮಾವಂದು, ಜಗಲಿ ನಮ್ಮ ಮಾವಂದು" ಎಂದಳು ಕಾಫುಯಿ. "ಕೋರ್ಟು ಮಾತ್ರ ಆಚೆಯದ್ದು. ಆಚೆ ಹೋಗಿ ಕೇಳಿ."

ಅವನು ಯೋಚಿಸಿ, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು, ಸರ್ಕಾರದ ಪರವಾಗಿ ಕಡಲೆಕಾಯಿ ತಿಂದ.

ಅಂದು ಸೆನ್ಯೋ ನಿಜವಾಗಿ ಚೆನ್ನಾಗಿ ಮಾತಾಡಿದ. "ಮೇಡಂ, ಕೆಲವು ವಸ್ತುಗಳು ಬರೀ ಮರ ಅಲ್ಲ. ಒಂದು ಊರಿನ ಸತ್ತವರೆಲ್ಲ ಅದರ ಸದ್ದು ಹಿಡಿದುಕೊಂಡು ದಾರಿ ನಡೆದಿರ್ತಾರೆ. ಈಗ ಒಬ್ಬಳು ಬಾಗಿಲಲ್ಲಿ ನಿಂತಿದ್ದಾಳೆ. ಸದ್ದಿಲ್ಲ. ಅವಳು ಹೆಂಗೆ ಹೋಗ್ಬೇಕು?" ಎಂದು ಕೇಳಿದಾಗ ಜಗಲಿಯಲ್ಲಿದ್ದವರೆಲ್ಲ ಮೂಗು ಒರೆಸಿಕೊಂಡರು. ಅಷ್ಟರಲ್ಲಿ ಗಂಡನ ಮಾತು ಕೇಳಿ ಎದೆ ಬಿರಿದ ಕಾಫುಯಿ ಅಳು ಮರೆಸಲು ಓಡಿಹೋಗಿ ಗಿರಣಿ ಹಚ್ಚಿದಳು. ಅವಳ ಗಿರಣಿ ಸುಮ್ಮನೆ ಓಡುವುದಿಲ್ಲ, ನಡುನಡುವೆ ಬಿಕ್ಕಳಿಸುತ್ತದೆ. ಅದು ಇಲ್ಲಿ ಬಿಕ್ಕಳಿಸಿದಂತೆ ಕೊಮ್ಲಾನನ ಕಿಟಕಿಯಲ್ಲೂ ಬಿಕ್ಕಳಿಸಿತು.

"ಟೋಗೋ, ಘಾನಾ, ಇಬ್ಬರೂ ದಯವಿಟ್ಟು ಯಂತ್ರ ನಿಲ್ಲಿಸಿ!" ಎಂದರು ಮೇಡಂ.

"ಅವರದ್ದು!" ಎಂದ ಸೆನ್ಯೋ. "ಅವರದ್ದು!" ಎಂದ ಕೊಮ್ಲಾನ್. ಕಲಿತವರಿಬ್ಬರ ತಲೆಗೂ ಹೊಳೆಯಲಿಲ್ಲ. ಒಬ್ಬ ಇಂಗ್ಲಿಷಿನಲ್ಲಿ ಯೋಚಿಸುತ್ತಿದ್ದ, ಒಬ್ಬ ಫ್ರೆಂಚಿನಲ್ಲಿ. ನಡುವೆ ಸಮುದ್ರವಿದೆಯೆಂದೇ ಇಬ್ಬರ ನಂಬಿಕೆ.

ತೀರ್ಪಿನ ದಿನ ಬಂತು. ಊರ ಹೆಂಗಸರು ಡೋಲಿಗೆ ಹೊದಿಸಲು ಬಿಳಿ ಬಟ್ಟೆ ಒಗೆದು ತಂದಿದ್ದರು. ಡೋಲು ಬಾರಿಸುವವನು ಕೈಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದ. ತೀರ್ಪು ಬಂದೊಡನೆ ವಿಮಾನದಲ್ಲಿ ಡೋಲು ಕಳಿಸುತ್ತಾರೆಂದು ಅರ್ಧ ಊರು ಆಟದ ಬಯಲಲ್ಲಿತ್ತು.

ಮೇಡಂ ಕನ್ನಡಕ ಸರಿಮಾಡಿಕೊಂಡರು. "ಎರಡೂ ಕಡೆಯವರು ಮನಮುಟ್ಟುವಂತೆ ವಾದಿಸಿದ್ದೀರಿ. ಆದರೆ 'ಕ' ದೇಶಕ್ಕೆ ಒಂದು ಪ್ರಶ್ನೆ. ಕೋರ್ಟಿಗೆ ಬರುವ ಮೊದಲು, ಆ ವಸ್ತುವನ್ನು ಇಟ್ಟುಕೊಂಡವರ ಹತ್ತಿರ ಹೋಗಿ, 'ನಮ್ಮದು, ಕೊಡಿ' ಎಂದು ಒಮ್ಮೆಯಾದರೂ ಕೇಳಿದಿರಾ?"

ಸೆನ್ಯೋ ತನ್ನ ಹಾಳೆಗಳನ್ನು ತಿರುವಿ ಹಾಕಿದ. "ನಮ್ಮಲ್ಲಿ ಕೇಳೋ ಹಾಗಿಲ್ಲ ಮೇಡಂ..."

"ಕೇಳದೆಯೇ 'ಕೊಡಲಿಲ್ಲ' ಎಂದು ದೂರುವುದು ಹೇಗೆ? ಮೊದಲು ಮಾತುಕತೆ, ಅದು ಮುರಿದರೆ ಕೋರ್ಟು. 'ಕ' ದೇಶದ ದೂರು ವಜಾ. 'ಖ' ದೇಶ ಗೆದ್ದಿದೆ."

ಡೊಟ್ಸೆ ಇದನ್ನು ಎವೆಯಲ್ಲಿ ಹೇಳುವ ಮೊದಲೇ ಅವನ ಮುಖ ಹೇಳಿತು. ಹೆಂಗಸರ ಗೋಳು ಮಾವಿನ ಮರದ ಮೇಲಿದ್ದವರನ್ನು ಕೆಳಗಿಳಿಸಿತು. ಜಿಲ್ಲಾ ಕಚೇರಿಯ ಅಧಿಕಾರಿ ತನಗೂ ಇದಕ್ಕೂ ಸಂಬಂಧವಿಲ್ಲವೆಂದು ಕುರ್ಚಿ ಹಿಂದಕ್ಕೆ ಎಳೆದುಕೊಂಡ. ಗದ್ದಲದ ನಡುವೆ ಮೇಡಂ ನಗುತ್ತ, "ಇದು ಅಭ್ಯಾಸವಷ್ಟೇ, ಬೇಸರ ಬೇಡ. ಘಾನಾಗೆ ಹತ್ತಕ್ಕೆ ಏಳು ಅಂಕ" ಎಂದರು.

ತೊಗ್ಬೆಯವರ ಕಣ್ಣು ಸೆನ್ಯೋನ ಮೇಲೆ ಬಿತ್ತು.

"ತೊಗ್ಬೆ ಕೇಳ್ತಾ ಇದ್ದಾರೆ, ಅಭ್ಯಾಸ ಅಂದ್ರೆ ಏನು ಅಂತ" ಎಂದ ಡೊಟ್ಸೆ. ಆ ದನಿಯಲ್ಲಿ ಮಳೆಗೆ ಮೊದಲಿನ ತಂಪಿತ್ತು.

ಸೆನ್ಯೋ ಮೇಜಿನ ಕೆಳಗೆ ಏನೋ ಹುಡುಕತೊಡಗಿದ.

ಆಗ ದೇವರು ಒಂದು ಮೇಕೆಯನ್ನು ಕಳಿಸಿದ. ನಮ್ಮ ಕಡೆಗಲ್ಲ, ಗೆದ್ದು ಬೀಗುತ್ತಿದ್ದ ಕೊಮ್ಲಾನನ ಕಿಟಕಿಯೊಳಕ್ಕೆ. ಅದು ಅವನ ತೋಳಿನ ಕೆಳಗಿನಿಂದ ತಲೆ ತೂರಿ, ಅವನ ವಾದದ ಹಾಳೆಗಳನ್ನು ಬಾಯಿತುಂಬ ಕಚ್ಚಿಕೊಂಡಿತು.

"ಥೂ ನಿನ್ನ ಹೊಟ್ಟೆ ಸೀಳ! ಬಿಡೇ, ಬಿಡೇ! ಅತ್ತೇ, ಈ ಹಾಳು ಮೇಕೆನ ಯಾರು ಬಿಚ್ಚಿದ್ದು? ಕೋಲು ತಗೊಂಡು ಬನ್ನಿ!"

ಇಂಗ್ಲಿಷ್ ಮಾಡುವವನ ದನಿ ತಡವರಿಸಿತು: "ಕ್ಷಮಿಸಿ, ಈ ಭಾಷೆ ನನಗೆ ಬರುವುದಿಲ್ಲ."

ನಮಗೆ ಬರುತ್ತಿತ್ತು. ಅದು ಎವೆ. ಎವೆ ಮಾತ್ರವಲ್ಲ, ನಮ್ಮ ಹಳ್ಳದ ನೀರು ಕುಡಿದ ಎವೆ; ಹೊಟ್ಟೆ ಸೀಳುವ ಬೈಗುಳ ಈ ಎರಡು ಊರು ಬಿಟ್ಟರೆ ಬೇರೆಲ್ಲೂ ಇಲ್ಲ. ಡೊಟ್ಸೆ ಪರದೆಗೆ ಮೂಗು ತಾಗಿಸಿದ.

"ಲೇ ಲಾಯರಪ್ಪಾ! ಯಾವೂರೋ ನಿಂದು?"

ಕೊಮ್ಲಾನ್ ಬೆಚ್ಚಿ ಅತ್ತ ಇತ್ತ ನೋಡಿದ. "ಯಾರದು? ನಂಗೆ ಎವೆಯಲ್ಲಿ ಯಾರು ಕೇಳಿದ್ದು?"

"ಲೋಕದ ಕೋರ್ಟು ಕೇಳ್ತಿದೆ. ಬೊಗಳು!"

"ಕೋಲೆನು, ಅಣ್ಣಾ. ಇರೋದು ಲೋಮೆ ಪಟ್ಟಣದಲ್ಲಿ, ಅಜ್ಜಿ ತಿಥಿಗೆ ಅಂತ ಬಂದೋನು ಇಲ್ಲೇ ಸಿಕ್ಕಿಬಿದ್ದಿದೀನಿ. ಎರವಲು ತಂದ ಡೋಲು ವಾಪಸ್ ಹೋಗೋ ತನಕ ಮನೆಯವರು ಬಿಡ್ತಾ ಇಲ್ಲ."

"ಅಜ್ಜಿ ಯಾರು?"

"ಅಬ್ಲಾವಿ."

"ಅಯ್ಯೋ ಮುಠ್ಠಾಳ!" ಎಂದು ಮೇಜಿನ ಕೆಳಗಿನಿಂದ ಸೆನ್ಯೋ ಚಿಮ್ಮಿದ. "ಚಲಿಸಬಲ್ಲ ವಸ್ತು ಅದೇ ಡೋಲು ಕಣಯ್ಯಾ! ಅದನ್ನ ಕೊಡಬಾರ್ದು ಅಂತ ಇಷ್ಟು ದಿನ ಗಂಟಲು ಹರ್ಕೊಂಡೆಯಲ್ಲ!"

ಮರುಕ್ಷಣ ಕೊಮ್ಲಾನನ ಕಿಟಕಿ ಕಪ್ಪಾಯಿತು.

"ಟೋಗೋ? ನಿಮ್ಮ ಕ್ಯಾಮೆರಾ ಹೋಯಿತು" ಎಂದರು ಮೇಡಂ.

"ಹೋಗಿಲ್ಲ ಮೇಡಂ" ಎಂದ ಸೆನ್ಯೋ. "ನಮಗೆ ಮುಖ ತೋರಿಸೋ ಹಾಗಿಲ್ಲ ಅವನು. ಡೋಲು ಪಡೆದ ಮನೆಯವನು. ಸಂಪ್ರದಾಯಸ್ಥ."

ಆಗ ನಡೆದದ್ದನ್ನು ನಮ್ಮೂರಿನವರು ಇನ್ನೂ ಹೇಳುತ್ತಾರೆ. ತೊಗ್ಬೆ ಆಡ್ಜಿಮಾ ಎದ್ದು ನಿಂತು, ಡೊಟ್ಸೆಯ ಬಾಯಿ ಕಾಯದೆ, ಎಲ್ಲರಿಗೂ ಕೇಳುವಂತೆ ತಾವೇ ಮಾತಾಡಿದರು. ಅವರ ದನಿ ಹೀಗಿದೆಯೆಂದು ನಮ್ಮಲ್ಲಿ ಅರ್ಧ ಜನಕ್ಕೆ ಅಂದೇ ಗೊತ್ತಾದದ್ದು.

"ಆ ನರೆಗೂದಲ ತಾಯಿ ಹೇಳಿದ್ದು ಸರಿ. ನಾವು ಕೇಳಿಲ್ಲ. ಎರವಲು ಪಡೆದೋರನ್ನ ಕೇಳಬಾರ್ದು, ಸರಿ. ಆ ಠಾಣೆಯೋನು ಎರವಲು ಪಡೆದಿಲ್ಲವಲ್ಲ! ಅವನನ್ನ ಕೇಳೋಕೆ ಯಾವ ಅಡ್ಡಿ? ಏಳಿ!"

ಊರು ಎದ್ದಿತು. ಹಾಗೆ ಎದ್ದದ್ದನ್ನು ನಾನು ಕಂಡಿರಲಿಲ್ಲ. ಮುಂದೆ ಕೊಡೆ, ಕೊಡೆಯ ಕೆಳಗೆ ತೊಗ್ಬೆ, ಪಕ್ಕದಲ್ಲಿ ಕೋಲು ಹಿಡಿದ ಡೊಟ್ಸೆ, ಹಿಂದೆ ನಿಲುವಂಗಿಯ ಸೆನ್ಯೋ. ಪಾಠ ಇನ್ನೂ ಮುಗಿದಿರಲಿಲ್ಲ. ಮುಚ್ಚಬೇಡಿ, ನಮಗೂ ತೋರಿಸಿ ಎಂದು ಕಿಟಕಿಗಳೆಲ್ಲ ಕೂಗುತ್ತಿದ್ದವು. ಕಾಫುಯಿ ಲ್ಯಾಪ್‌ಟಾಪನ್ನು ತೆರೆದಂತೆಯೇ ಜೋಳದ ಬೋಗುಣಿಯಲ್ಲಿಟ್ಟು, ಫೋನಿನಿಂದ ನೆಟ್‌ವರ್ಕ್ ಕೊಟ್ಟು, ತಲೆಯ ಮೇಲೆ ಹೊತ್ತು ಕೈಬಿಟ್ಟು ನಡೆದಳು. ಚಿಲೆಶೆ ಮೇಡಂ ಬೋಗುಣಿಯಲ್ಲಿ ಕೂತು ಗಡಿ ದಾಟಿದರು.

ಹಳ್ಳದ ನಡುವೆ ಎಲ್ಲರ ಫೋನೂ ಒಟ್ಟಿಗೆ ಟಿಣ್ ಎಂದವು: ಟೋಗೋ ದೇಶಕ್ಕೆ ಸ್ವಾಗತ.

"ನೋಡಿ, ಕಾಯ್ತಾ ಇದ್ದರು!" ಎಂದಳು ಕಡಲೆಕಾಯಿ ಮುದುಕಿ.

ಆಚೆ ದಂಡೆಯಲ್ಲಿ ನಿಲುವಂಗಿ ತೊಟ್ಟವನೊಬ್ಬ ನಮಗೆ ಬೆನ್ನು ಹಾಕಿ ನಿಂತಿದ್ದ. ಅವನ ಹಿಂದೆ ಇಡೀ ಕೋಲೆನು ಬೆನ್ನು ಹಾಕಿ ನಿಂತಿತ್ತು. ಮೇಕೆಯೊಂದು ಮಾತ್ರ ಮುಖ ತೋರಿಸಿತು.

"ಮಾಫಿ ಮಾಡಿ ಅಣ್ಣಾ" ಎಂದ ಕೊಮ್ಲಾನ್ ಆ ಕಡೆಗೇ ಮುಖ ಮಾಡಿ. "ನಂಗೆ ಗೊತ್ತಿರಲಿಲ್ಲ. ನಿಮ್ಮಮ್ಮ ಹೋಗಿದ್ದು ಅಂತೂ ನಾನು ಕೇಳೇ ಇಲ್ಲ. ಆ ಸಾಹೇಬನಿಗೆ ಫ್ರೆಂಚಿನಲ್ಲಿ ನಾನು ಹೇಳ್ತೀನಿ, ಬನ್ನಿ." ಮುಖ ತೋರಿ ನಡೆದರೆ ಸಂಪ್ರದಾಯ ಕೆಡುತ್ತದೆಂದು ಅವನು ಠಾಣೆಯ ತನಕ ನಮ್ಮ ಮುಂದೆ ಮುಂದೆ ನಡೆದ, ಕೋಲೆನುವಿನವರೆಲ್ಲ ಹಾಗೇ ನಡೆದರು. ನೋಡುವವರಿಗೆ ನಾವು ಅವರನ್ನು ಅಟ್ಟಿಕೊಂಡು ಹೋಗುವಂತೆ ಕಂಡಿರಬೇಕು.

ಠಾಣೆಯ ಅಧಿಕಾರಿ ಬೇವಿನ ಮರದ ಕೆಳಗೆ ಬನಿಯನ್ನಿನಲ್ಲಿ ಚಹಾ ಕುದಿಸುತ್ತಿದ್ದ. ಕೊಡೆ, ಕೋಲು, ಇಬ್ಬರು ಕರಿ ನಿಲುವಂಗಿಯವರು, ಎರಡು ಊರು. ಬೋಗುಣಿಯೊಳಗೆ ಒಬ್ಬ ನರೆಗೂದಲ ಹೆಂಗಸು. ಅವನು ಅಂಗಿಯ ಗುಂಡಿಗಳನ್ನು ತಪ್ಪುತಪ್ಪಾಗಿ ಹಾಕಿಕೊಂಡು ನೆಟ್ಟಗೆ ನಿಂತ.

ಡೊಟ್ಸೆ ಕೇಳಿದ, ಕೊಮ್ಲಾನ್ ಫ್ರೆಂಚ್ ಮಾಡಿದ. "ನಿಮ್ಮಲ್ಲಿ ಒಂದು ಡೋಲಿದೆ. ಅದು ನಮ್ಮದು. ಕೇಳಲಿಕ್ಕೆ ಬಂದಿದ್ದೇವೆ."

ಅಧಿಕಾರಿ ಅವರನ್ನೇ ನೋಡಿದ. ಆಮೇಲೆ ಅವನ ಭುಜಗಳು ಸಡಿಲವಾದವು. ಅವನು ಹೇಳಿದ್ದನ್ನು ಕೊಮ್ಲಾನ್ ಎವೆ ಮಾಡಿದ:

"ಅಂತೂ ಬಂದ್ರಾ! ಅದನ್ನ ಹೊತ್ತು ತಂದೋರನ್ನ ನಾನು ಕೇಳ್ದೆ, ನಿಮ್ಮದಾ? ಅಲ್ಲ ಅಂದ್ರು. ಹಾಗಾದ್ರೆ ಯಾರದ್ದು? ಹೇಳೋ ಹಾಗಿಲ್ಲ ಅಂದ್ರು. ತಮ್ಮದಲ್ಲದ, ಯಾರದ್ದು ಅಂತ ಹೇಳೋಕಾಗದ ಡೋಲನ್ನ ಗಡಿ ದಾಟಿಸೋರನ್ನ ನಾನು ಏನಂತ ತಿಳ್ಕೊಳ್ಳಿ? ಒಡೆಯರು ಇಂದು ಬರ್ತಾರೆ ನಾಳೆ ಬರ್ತಾರೆ ಅಂತ ಕಾದೆ. ನಮ್ಮೂರಲ್ಲೂ ಡೋಲಿದೆ ಸ್ವಾಮಿ. ಬಿಸಿಲು ತಾಗದ ಹಾಗೆ ಇಟ್ಟಿದೀನಿ, ಹೊದಿಸಿದ್ದು ನನ್ನದೇ ಕಂಬಳಿ."

ಎರಡು ಊರೂ ಕಾಲಬೆರಳು ನೋಡಿಕೊಂಡವು.

ಅಧಿಕಾರಿ ಬೋಗುಣಿಯ ಕಡೆ ಅಂಜಿಕೆಯಿಂದ ಕೈ ತೋರಿಸಿ, ಕೊಮ್ಲಾನನ ಮೂಲಕ ಸೆನ್ಯೋನನ್ನೇ ಕೇಳಿದ, ಇದು ಯಾವ ನ್ಯಾಯಾಲಯ ಎಂದು.

ಸೆನ್ಯೋ ತೊಗ್ಬೆಯವರನ್ನು ನೋಡಿದ, ಹೆಂಡತಿಯನ್ನು ನೋಡಿದ, ಬೆವರು ಒರೆಸಿಕೊಂಡ. "ನ್ಯಾಯಾಲಯ ಅಲ್ಲ ಸಾಹೇಬ್ರೆ. ಪಾಠ. ಪುಕ್ಕಟೆ ಪಾಠ. ಅದ್ರಲ್ಲೂ ನಾನು ಸೋತಿದೀನಿ."

"ಹತ್ತಕ್ಕೆ ಏಳು!" ಎಂದು ಬೋಗುಣಿಯಿಂದ ಚಿಲೆಶೆ ಮೇಡಂ ಕೂಗಿದರು. "ಈಗ ಎಂಟು!"

ಮೊದಲು ನಕ್ಕದ್ದು ತೊಗ್ಬೆ. ಆಮೇಲೆ ನಗು ಕೊಡೆಯಿಂದ ಕೊಡೆ ಹಿಡಿದವನಿಗೆ, ಅವನಿಂದ ಜನಕ್ಕೆ, ಬೋಗುಣಿಯ ಕಿಟಕಿಗಳಿಗೆಲ್ಲ ಹರಡಿತು. ಡೊಟ್ಸೆಯೊಬ್ಬ ನಗಲಿಲ್ಲ; ತೊಗ್ಬೆಯವರ ನಗುವನ್ನು ಜನಕ್ಕೆ ತಲುಪಿಸುವುದು ತನ್ನ ಕೆಲಸವಾಗಿತ್ತೆಂದು ಗೊಣಗಿದ.

ಕಂಬಳಿ ಸರಿಸಿ ಡೋಲನ್ನು ಹೊರತಂದರು. ಸೆನ್ಯೋ ಅದರ ಚರ್ಮದ ಮೇಲೆ ಅಂಗೈ ಇಟ್ಟು ಮಗುವಿನ ಹಣೆ ಮುಟ್ಟಿ ಜ್ವರ ನೋಡುವಂತೆ ನಿಂತ. "ಬಂತು ಅಮ್ಮ" ಎಂದ. ಯಾರ ಮೂಲಕವೂ ಅಲ್ಲ, ನೇರವಾಗಿಯೇ. ಡೊಟ್ಸೆ ತಡೆಯಲಿಲ್ಲ. ಕೋಲೆನುವಿನವರು ಡೋಲನ್ನು ಹೆಗಲಿಗೇರಿಸಿ ಹಳ್ಳ ದಾಟಿಸಿ ಅದರ ಕಟ್ಟೆಯ ಮೇಲೆ ಇಳಿಸಿದರು. ಆಮೇಲೆ ತಿರುಗಿ, ಮೊದಲ ಸಲ ನಮ್ಮ ಮುಖ ನೋಡಿ, ನಮ್ಮೊಡನೆ ಸೇರಿ ಅತ್ತರು.

ಅದೇ ವಾರದ ಶನಿವಾರ ಅಕ್ಕನನ್ನು ಮಣ್ಣು ಮಾಡಿದೆವು. ಡೋಲು ಬೆಳಗಿನಿಂದ ನಿಲ್ಲಲಿಲ್ಲ. ಠಾಣೆಯ ಅಧಿಕಾರಿ ಸರಿಯಾಗಿ ಗುಂಡಿ ಹಾಕಿಕೊಂಡು ಬಂದಿದ್ದ. ಕೊಮ್ಲಾನ್ ಶವಪೆಟ್ಟಿಗೆಗೆ ಹೆಗಲು ಕೊಟ್ಟ. ಮೇಕೆ ಅಂದಿನ ಸಾರಿಗೆ ಹೋಯಿತು. ಚಿಲೆಶೆ ಮೇಡಂ ಮತ್ತು ಅವರ ಕಿಟಕಿಗಳನ್ನು ಹೂಜಿಯ ಜಾಗದಲ್ಲಿ ಕೂರಿಸಿದ್ದೆವು. ಅಲ್ಲಿಂದ ಅವರು ತಮ್ಮ ತಮ್ಮ ಊರಿನ ರೀತಿಯಲ್ಲಿ ಕೈ ಮುಗಿದರು, ಎದೆ ಮುಟ್ಟಿಕೊಂಡರು. ಹಾಡು ಎತ್ತಿಕೊಡುವ ಜಾಗ ಬರಿದಾಗಿತ್ತು. ಡೋಲು ಅಲ್ಲಿಗೆ ಬಂದಾಗಲೆಲ್ಲ ಒಂದು ಉಸಿರಿನಷ್ಟು ಹೊತ್ತು ನಿಂತು ಕಾದು, ತಾನೇ ಮುಂದೆ ನಡೆಯಿತು.

ಗಿರಣಿಯ ಗೋಡೆಯ ಮೇಲೆ ಈಗ ಕಾಫುಯಿ ತನ್ನ ಕೈಯಿಂದ ಒಂದು ಪದ ಸೇರಿಸಿದ್ದಾಳೆ: "ಅಂತರರಾಷ್ಟ್ರೀಯ ಕಾನೂನು, ಕಲಿಯುತ್ತಿದ್ದಾರೆ." ಸೆನ್ಯೋ ಅದನ್ನು ಅಳಿಸಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಹಸಿ ಮಣ್ಣಿನ ಪಕ್ಕ ನಿಂತು ಪ್ರಾರ್ಥಿಸಿದೆ. ಇಂದಿಗೂ ಅದನ್ನೇ ಪ್ರಾರ್ಥಿಸುತ್ತೇನೆ.

ಕರ್ತನೇ, ನಿನ್ನ ದಾಸಿ ಅಕೋಸಿವಾ ಈಗ ಕೊನೆಯ ಹಳ್ಳವನ್ನು ದಾಟಿ ಬಂದಿದ್ದಾಳೆ. ಅವಳ ಕಾಲು ದಣಿದಿದೆ, ಕೂರಿಸು. ಅವಳ ಗಂಟಲು ಒಣಗಿದೆ, ನೀರು ಕೊಡು. ನಿನ್ನ ಗಡಿಯಲ್ಲಿ ನಿಂತಿರುವ ಯಾವನಾದರೂ ದೇವದೂತ ಹೊಸಬನಿದ್ದು, ಅವಳನ್ನು ತಡೆದು, ಇವಳು ಯಾರವಳು ಎಂದು ಕೇಳಿದರೆ, ಯಾರಾದರೂ ಬಂದು ಕೇಳಲೆಂದು ಕಾಯಬೇಡ. ನೀನೇ ನೇರವಾಗಿ, ಎಲ್ಲರಿಗೂ ಕೇಳುವಂತೆ, "ನಮ್ಮವಳು" ಎಂದು ಹೇಳು. ಅವಳಿಗೆ ಶಾಂತಿ ಕೊಡು. ಆಮೆನ್.